“ಮನೆಯಲ್ಲಿ ಯಾರಾದ್ರೂ ಇರಿ” ಎಂದಾಗ ಯಾರ ಕೂಲಿ ಹೋಗುತ್ತದೆ?

ವಾಷಿಂಗ್ ಮೆಷಿನ್ ಕೆಟ್ಟಿದೆ ಎಂದು ದೂರು ಕೊಟ್ಟರೆ “ನಾಳೆ ಜನ ಬರ್ತಾರೆ, ಮನೆಯಲ್ಲಿ ಯಾರಾದ್ರೂ ಇರಿ” ಎಂಬ ಉತ್ತರ ಸಿಗುತ್ತದೆ. ಎಷ್ಟು ಗಂಟೆಗೆ ಎಂದು ಕೇಳಿದರೆ “ಹತ್ತರಿಂದ ಆರರ ಒಳಗೆ”. ಇಂಟರ್ನೆಟ್ ಕೇಬಲ್ ಎಳೆಯುವವರು, ನೀರಿನ ಫಿಲ್ಟರ್ ಬದಲಾಯಿಸುವವರು, ಕಪಾಟು ತಂದು ಇಳಿಸುವವರು, ಎಲ್ಲರದ್ದೂ ಹೆಚ್ಚುಕಡಿಮೆ ಇದೇ ಮಾತು. ಹಗಲು ಹೊತ್ತು ಮನೆಯಲ್ಲಿ ಯಾರೋ ಒಬ್ಬರು ಕೆಲಸವಿಲ್ಲದೆ ಕೂತಿರುತ್ತಾರೆ ಎಂಬ ನಂಬಿಕೆಯ ಮೇಲೆ ಈ ವ್ಯವಸ್ಥೆ ನಿಂತಿದೆ. ಮಂಗಳೂರು, ಉಡುಪಿಯ ಮನೆಗಳಲ್ಲಿ ಆ ಒಬ್ಬರು ಈಗ ಸಿಗುವುದು ಅಪರೂಪ. ಗಂಡ ಬೈಕಂಪಾಡಿಯ ಕಾರ್ಖಾನೆಯಲ್ಲಿ, ಹೆಂಡತಿ ದೇರಳಕಟ್ಟೆಯ ಆಸ್ಪತ್ರೆಯಲ್ಲಿ ನರ್ಸ್. ಇನ್ನೊಂದು ಮನೆಯಲ್ಲಿ ಮಕ್ಕಳು ಬೆಂಗಳೂರಿನಲ್ಲೋ ದುಬೈಯಲ್ಲೋ ಇದ್ದು, ಎಪ್ಪತ್ತೈದು ದಾಟಿದ ಅಮ್ಮ ಒಬ್ಬರೇ ಬಾಗಿಲು ತೆರೆಯಬೇಕು.

ಕಚೇರಿಗಳ ಗಂಟೆಯೂ ದುಡಿಯುವವರ ಗಂಟೆಯೂ ಒಂದೇ ಆಗಿರುವುದು ಸಮಸ್ಯೆಯ ಬುಡ. ಸರಕಾರಿ ಕಚೇರಿ ಬೆಳಿಗ್ಗೆ 10ರಿಂದ ಸಂಜೆ 5.30, ಬ್ಯಾಂಕ್ ಅದಕ್ಕಿಂತ ಬೇಗ ಮುಚ್ಚುತ್ತದೆ. ಬ್ಯಾಂಕುಗಳಿಗೆ 2015ರ ಸೆಪ್ಟೆಂಬರಿನಿಂದ ಎರಡನೇ ಮತ್ತು ನಾಲ್ಕನೇ ಶನಿವಾರ ರಜೆ. ರಾಜ್ಯ ಸರಕಾರಿ ಕಚೇರಿಗಳಿಗೂ 2019ರಿಂದ ನಾಲ್ಕನೇ ಶನಿವಾರ ರಜೆ ಸೇರಿತು. ಶನಿವಾರ ಬಿಡುವಿರುವವರಿಗೆ ತಿಂಗಳಿಗೆ ಉಳಿಯುವುದು ಎರಡು ಶನಿವಾರ, ಹೆಚ್ಚೆಂದರೆ ಮೂರು. ಎಲ್ಲರೂ ಅದೇ ದಿನ ಬರುವುದರಿಂದ ಅಂದು ಕ್ಯೂ ಬಾಗಿಲಿನ ಹೊರಗೆ ಇರುತ್ತದೆ.

ಈ ಕಾಯುವಿಕೆಯ ಬೆಲೆಯನ್ನು ಎಲ್ಲರೂ ಒಂದೇ ಸಮ ಕೊಡುವುದಿಲ್ಲ. ತಿಂಗಳ ಸಂಬಳದವರಿಗೆ ಅರ್ಧ ದಿನದ ಸಾಂದರ್ಭಿಕ ರಜೆ (ಸಿ.ಎಲ್.) ಹೋಗುತ್ತದೆ. ಗಾರೆ ಕೆಲಸದವರಿಗೆ, ಬಟ್ಟೆ ಅಂಗಡಿಯ ಸೇಲ್ಸ್ ಹುಡುಗಿಯರಿಗೆ ಅಂದಿನ ಕೂಲಿಯೇ ಇಲ್ಲ. ಬೆಳಿಗ್ಗೆ ಎಂಟಕ್ಕೆ ಸೈಟಿನಲ್ಲಿ ಇಲ್ಲದಿದ್ದರೆ ಹನ್ನೊಂದಕ್ಕೆ ಹೋಗಿ ಅರ್ಧ ದಿನ ದುಡಿಯುತ್ತೇನೆ ಎಂದರೆ ಮೇಸ್ತ್ರಿ ಸೇರಿಸಿಕೊಳ್ಳುವುದಿಲ್ಲ. ಯಾರ ಕಣ್ಣಿಗೂ ಬೀಳದೆ ನಷ್ಟ ಅನುಭವಿಸುವವರು ಬೀಡಿ ಕಟ್ಟುವ ಹೆಂಗಸರು. “ಅವರು ಮನೆಯಲ್ಲೇ ಇರ್ತಾರಲ್ಲ” ಎಂದು ಎಲ್ಲರೂ ಅವರ ಸಮಯವನ್ನು ಬಳಸಿಕೊಳ್ಳುತ್ತಾರೆ: ಪಕ್ಕದ ಮನೆಯ ಗ್ಯಾಸ್ ತೆಗೆದಿಡುವುದು, ಕೊರಿಯರಿಗೆ ಸಹಿ ಹಾಕುವುದು, ಮೀಟರ್ ನೋಡಲು ಬಂದವರಿಗೆ ಗೇಟು ತೆರೆಯುವುದು. ಅವರ ಕೂಲಿ ಸಾವಿರ ಬೀಡಿಗೆ ಇಷ್ಟು ಎಂಬ ಲೆಕ್ಕದಲ್ಲಿ ಬರುವಂಥದ್ದು. ಮೊರ ಬದಿಗಿಟ್ಟು ಎದ್ದ ಪ್ರತಿ ಸಲ ಕಟ್ಟು ಕಡಿಮೆಯಾಗುತ್ತದೆ, ಮತ್ತು ಬೀಡಿ ಕಂಪನಿಯ ಬ್ರಾಂಚಿಗೆ ಬೀಡಿ ಒಪ್ಪಿಸುವ ಹೊತ್ತು ಅವರಿಗಾಗಿ ಕಾಯುವುದಿಲ್ಲ.

ಕಾಯುವ ಹೊರೆ ಯಾರ ಮೇಲೆ ಬೀಳಬೇಕು ಎಂಬುದನ್ನು ಸಮಯ ಗೊತ್ತುಮಾಡುವವರೇ ತೀರ್ಮಾನಿಸುತ್ತಾರೆ. ಈಗ ಅದು ಕಾಯುವಷ್ಟು ಶಕ್ತಿ ಇಲ್ಲದವರ ಮೇಲೆಯೇ ಬೀಳುತ್ತಿದೆ. ಅದನ್ನು ಬದಲಿಸಲು ಹೊಸ ಕಾನೂನಾಗಲಿ ದೊಡ್ಡ ಖರ್ಚಾಗಲಿ ಬೇಡ. ಹೆಚ್ಚಿನ ಕಡೆ ಒಂದು ಫೋನು, ಒಂದು ಪ್ರಶ್ನೆ ಸಾಕು.

ಎಂಟು ಗಂಟೆಗಳ ಅವಧಿ ಯಾಕೆ?

ಟೆಕ್ನಿಷಿಯನ್ ಬೇಕೆಂದೇ ತಡ ಮಾಡುವುದಿಲ್ಲ. ಅವರ ದಿನವನ್ನು ಬಿಡಿಸಿ ನೋಡಿದರೆ ತಡ ಎಲ್ಲಿ ಹುಟ್ಟುತ್ತದೆ ಎಂದು ತಿಳಿಯುತ್ತದೆ. ಬೆಳಿಗ್ಗೆ ಆರು ಮನೆ ಹಂಚಿಕೆಯಾಗಿದೆ ಎಂದುಕೊಳ್ಳೋಣ. ಒಂದೊಂದು ಮನೆಗೆ ಮುಕ್ಕಾಲು ಗಂಟೆ, ನಡುವೆ ಇಪ್ಪತ್ತು ನಿಮಿಷ ದಾರಿ. ನಮ್ಮ ಕರಾವಳಿಯ ಉಪ್ಪು ಗಾಳಿಗೆ ಮೆಷಿನ್‌ನ ಹಿಂಬದಿಯ ಸ್ಕ್ರೂ ತುಕ್ಕು ಹಿಡಿದು ಬಿಚ್ಚಲಿಕ್ಕೇ ಅರ್ಧ ಗಂಟೆ ಹೋಗುತ್ತದೆ. ಎರಡನೇ ಮನೆ ಫ್ಲ್ಯಾಟ್, ಅಲ್ಲಿ ವಾಚ್‌ಮನ್ ಒಳಗೆ ಬಿಡಬೇಕಾದರೆ ಮನೆಯವರ ಫೋನ್ ಬೇಕು, ಮನೆಯವರು ಮೀಟಿಂಗಿನಲ್ಲಿ. ಮೂರನೆಯದಕ್ಕೆ ಹೋಗುವಾಗ ನಂತೂರಿನಲ್ಲಿ ವಾಹನ ನಿಂತಿದೆ. ಒಂದು ಕೆಲಸ ಬೇಗ ಮುಗಿದರೂ ಮುಂದಿನವರು ಇನ್ನೂ ಮನೆಗೆ ಬಂದಿರುವುದಿಲ್ಲ, ಹಾಗಾಗಿ ಉಳಿದ ಸಮಯ ಕೈಗೆ ಸಿಗುವುದಿಲ್ಲ. ತಡವಾದದ್ದು ಮಾತ್ರ ಕೂಡುತ್ತಾ ಹೋಗುತ್ತದೆ. ದಿನದ ಮೊದಲ ಮನೆಗೆ ಹೇಳಿದ ಸಮಯ ಸರಿಯಾಗಿರುತ್ತದೆ, ಆರನೇ ಮನೆಯವರಿಗೆ ಹೇಳಿದ್ದು ಬರೀ ಅಂದಾಜು.

ಇದರಿಂದ ಒಂದು ಸರಳ ಕ್ರಮ ಹೊರಡುತ್ತದೆ. ಕೆಲಸಕ್ಕೆ ಹೋಗಬೇಕಾದವರಿಗೆ ಬೆಳಗಿನ ಮೊದಲ ಸರದಿ ಕೊಡಬೇಕು. ಅಂಗಡಿ, ಕಚೇರಿಯಂತೆ ದಿನವಿಡೀ ಬಾಗಿಲು ತೆರೆದಿರುವ ಕಡೆಗಳನ್ನು ಮಧ್ಯಕ್ಕೆ ಹಾಕಬೇಕು. ಬುಕ್ಕಿಂಗ್ ತೆಗೆದುಕೊಳ್ಳುವವರು “ನಾಳೆ ಬರ್ತಾರೆ” ಎಂದು ಹೇಳುವ ಮೊದಲು “ನೀವು ಮನೆಯಲ್ಲಿ ಯಾವಾಗ ಇರ್ತೀರಿ?” ಎಂದು ಕೇಳಿದರೆ ಅರ್ಧ ಸಮಸ್ಯೆ ಅಲ್ಲೇ ಕರಗುತ್ತದೆ.

ಊರಿನ ನಕ್ಷೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಮಂಗಳೂರಿನ ಬಡಗು ದಿಕ್ಕಿಗೆ ಫಲ್ಗುಣಿ ನದಿ, ತೆಂಕು ದಿಕ್ಕಿಗೆ ನೇತ್ರಾವತಿ ನದಿ. ಸುರತ್ಕಲ್ ಕಡೆಗೆ ಕೂಳೂರು ಸೇತುವೆ, ತೊಕ್ಕೊಟ್ಟು, ಉಳ್ಳಾಲದ ಕಡೆಗೆ ನೇತ್ರಾವತಿ ಸೇತುವೆ, ಎರಡೂ ಹೆದ್ದಾರಿ 66ರ ಮೇಲೆಯೇ. ಒಂದೇ ದಿನ ಸುರತ್ಕಲ್‌ನಲ್ಲಿ ಒಂದು ಮನೆ, ಉಳ್ಳಾಲದಲ್ಲಿ ಇನ್ನೊಂದು ಹಂಚಿದರೆ ಟೆಕ್ನಿಷಿಯನ್‌ನ ಅರ್ಧ ದಿನ ಸೇತುವೆಯಲ್ಲೇ ಕಳೆಯುತ್ತದೆ. ಸೋಮವಾರ, ಗುರುವಾರ ಸುರತ್ಕಲ್‌–ಮೂಲ್ಕಿ, ಮಂಗಳವಾರ, ಶುಕ್ರವಾರ ತೊಕ್ಕೊಟ್ಟು–ಕೊಣಾಜೆ ಎಂದು ಪ್ರದೇಶವಾರು ದಿನ ಗೊತ್ತು ಮಾಡಿದರೆ ಎಂಟು ಗಂಟೆಯ ಬದಲು ಎರಡು ಗಂಟೆಗಳ ಅವಧಿ ಕೊಡುವುದು ಕಷ್ಟವೇನಲ್ಲ. ಉಡುಪಿಯಲ್ಲಿ ಕಲ್ಸಂಕ, ಸಂತೆಕಟ್ಟೆಗಳನ್ನು ಶಾಲೆ ಬಿಡುವ ಹೊತ್ತಿಗೆ ದಾಟುವ ಹಾಗೆ ಸರದಿ ಇಡದಿದ್ದರೆ ಸಾಕು.

ಒಂದೇ ಕೆಲಸಕ್ಕೆ ಎರಡು ಸಲ ಬರುವುದು ಇನ್ನೊಂದು ದೊಡ್ಡ ನಷ್ಟ. ಮೊದಲ ದಿನ ನೋಡಿ ಹೋಗುತ್ತಾರೆ, ಪಾರ್ಟ್ ತಂದು ಇನ್ನೊಂದು ದಿನ ಹಾಕುತ್ತಾರೆ. ಮನೆಯವರಿಗೆ ಎರಡು ಅರ್ಧ ದಿನದ ರಜೆ. ಇದನ್ನು ಬಹುಪಾಲು ತಪ್ಪಿಸಬಹುದು. ಮೆಷಿನ್‌ನ ಬಾಗಿಲಿನ ಒಳಗೋ ಹಿಂಬದಿಯಲ್ಲೋ ಇರುವ ಸ್ಟಿಕ್ಕರ್‌ನ ಫೋಟೊ, ಪರದೆಯ ಮೇಲೆ ಬರುವ ಎರರ್ ಕೋಡ್, ಕೊಂಡ ವರ್ಷ, ವಿಚಿತ್ರ ಸದ್ದಿದ್ದರೆ ಹತ್ತು ಸೆಕೆಂಡಿನ ವಿಡಿಯೊ, ಇಷ್ಟನ್ನು ಹಿಂದಿನ ದಿನವೇ ವಾಟ್ಸ್ಆ್ಯಪ್ ಮಾಡಬೇಕು. ಸೀಲಿಂಗ್ ಫ್ಯಾನ್ ನಿಧಾನವಾಗಿದೆ ಎಂದು ಮೊದಲೇ ಹೇಳಿದರೆ ಎಲೆಕ್ಟ್ರಿಷಿಯನ್ 2.5 ಮೈಕ್ರೊಫ್ಯಾರಡ್ ಕೆಪಾಸಿಟರ್ ಒಂದನ್ನು ಜೇಬಿನಲ್ಲಿ ಹಾಕಿಕೊಂಡೇ ಬರುತ್ತಾರೆ, ಬಹಳ ಸಲ ಹೋಗಿರುವುದು ಅದೇ. ಇನ್‌ವರ್ಟರ್ ಆದರೆ ಬ್ಯಾಟರಿಯ ಆ್ಯಂಪಿಯರ್-ಅವರ್ ಎಷ್ಟೆಂದು ಹೇಳಿ. ನಲ್ಲಿ ಬದಲಾಯಿಸುವುದಾದರೆ ಅರ್ಧ ಇಂಚೋ ಮುಕ್ಕಾಲೋ ಎಂದು ನೋಡಿಡಿ, ಇಡೀ ಮನೆಯ ನೀರು ನಿಲ್ಲಿಸುವ ವಾಲ್ವ್ ಎಲ್ಲಿದೆ ಎಂದೂ ತಿಳಿದಿರಲಿ. ಪತ್ರಿಕೆಯಲ್ಲಿ ಬರುವ ವಿದ್ಯುತ್ ಕಂಪನಿ ಮೆಸ್ಕಾಂನ ಪ್ರಕಟಣೆಯ ಮೇಲೂ ಕಣ್ಣಿರಲಿ: ನಿಮ್ಮ ಫೀಡರಿಗೆ ಬೆಳಿಗ್ಗೆ 10ರಿಂದ ಸಂಜೆ 5ರವರೆಗೆ ನಿಲುಗಡೆ ಇರುವ ದಿನ ಎ.ಸಿ. ರಿಪೇರಿಗೆ ಕರೆದರೆ ಬಂದವರು ಕೈಕಟ್ಟಿ ಕೂರಬೇಕಾಗುತ್ತದೆ. ಫ್ಲ್ಯಾಟುಗಳಲ್ಲಿ ಡ್ರಿಲ್ಲಿಂಗಿಗೆ ಗಂಟೆ ಗೊತ್ತು ಮಾಡಿರುತ್ತಾರೆ. ಮಧ್ಯಾಹ್ನ ಎರಡಕ್ಕೆ ಬಂದವರನ್ನು ಮೂರೂವರೆಯವರೆಗೆ ಮೆಟ್ಟಿಲಲ್ಲಿ ಕೂರಿಸುವುದು ಅವರ ಮುಂದಿನ ಎಲ್ಲ ಮನೆಗಳನ್ನೂ ಕೆಡಿಸುತ್ತದೆ.

ಬರುವ ವಿಷಯವನ್ನು ತಿಳಿಸುವ ಹೊತ್ತಿಗೂ ಬೆಲೆ ಇದೆ. “ಅಕ್ಕಾ, ನಾಳೆ ಒಂಬತ್ತರಿಂದ ಹನ್ನೊಂದರ ಒಳಗೆ ಬರ್ತೇನೆ, ಹಿಂದಿನ ಮನೆಯಿಂದ ಹೊರಡುವಾಗ ಫೋನ್ ಮಾಡ್ತೇನೆ” ಎಂದು ಹಿಂದಿನ ಸಂಜೆ ಹೇಳಿದರೆ ಆಕೆ ಶಿಫ್ಟ್ ಬದಲಾಯಿಸಿಕೊಳ್ಳಬಹುದು. ಬರಲಾಗುವುದಿಲ್ಲ ಎಂಬುದನ್ನು ರಾತ್ರಿ ಎಂಟಕ್ಕೆ ತಿಳಿಸಿದರೆ ರಜೆ ಉಳಿಯುತ್ತದೆ, ಬೆಳಿಗ್ಗೆ ಹನ್ನೊಂದಕ್ಕೆ ತಿಳಿಸಿದರೆ ಏನೂ ಉಳಿಯುವುದಿಲ್ಲ. ತಡವಾಗಿ ಹೇಳಿದ “ಸಾರಿ”ಗಿಂತ ಬೇಗ ಹೇಳಿದ “ಇಲ್ಲ” ಎಷ್ಟೋ ವಾಸಿ.

ಗ್ಯಾಸ್ ಸಿಲಿಂಡರಿನದ್ದು ಸಣ್ಣ ವಿಷಯ, ಆದರೆ ದಿನವೂ ಆಗುವಂಥದ್ದು. ಡೆಲಿವರಿ ಕೋಡ್ ಹೋಗುವುದು ನೋಂದಾಯಿತ ಮೊಬೈಲಿಗೆ, ಆ ಮೊಬೈಲ್ ಮಗನ ಜೇಬಿನಲ್ಲಿ ಪಣಂಬೂರಿನಲ್ಲಿ ಇರುತ್ತದೆ. ಮನೆಯಲ್ಲಿರುವ ಅಮ್ಮನಿಗೆ ಕೋಡ್ ಗೊತ್ತಿಲ್ಲ, ತಂದವರು ಹೊತ್ತುಕೊಂಡು ವಾಪಸ್. ಕೋಡ್ ಬಂದ ಕೂಡಲೇ ಮನೆಗೆ ಫೋನ್ ಮಾಡಿ ಕ್ಯಾಲೆಂಡರಿನ ಮೇಲೆ ಬರೆಸಿಡುವುದು ಇಬ್ಬರಿಗೂ ಉಪಕಾರ.

ಟೋಕನ್ ಮೂವತ್ತು ಎಂದರೆ ಎಷ್ಟು ಗಂಟೆ?

ಆಸ್ಪತ್ರೆ, ಕ್ಲಿನಿಕ್‌ಗಳಲ್ಲಿ ಎಲ್ಲರಿಗೂ ಒಂದೇ ಸಮಯ ಹೇಳಿ ಟೋಕನ್ ಕೊಡುವ ಪದ್ಧತಿ ಬಿಡಬೇಕು. ಒಬ್ಬ ರೋಗಿಗೆ ಸರಾಸರಿ ಆರು ನಿಮಿಷ ಎಂದರೆ ಗಂಟೆಗೆ ಹತ್ತು ಜನ. ಹತ್ತಕ್ಕೆ ಆರಂಭವಾದರೆ ಮೂವತ್ತನೇ ಟೋಕನ್‌ನವರ ಸರದಿ ಒಂದು ಗಂಟೆಯ ಹತ್ತಿರ. ಅವರನ್ನು ಹತ್ತಕ್ಕೇ ಕರೆಸಿ ಕೂರಿಸುವುದರಿಂದ ಡಾಕ್ಟರಿಗೂ ಲಾಭವಿಲ್ಲ. ಕುರ್ಚಿ ಸಾಲದೆ ಗಲಾಟೆ, ರಿಸೆಪ್ಶನ್‌ನಲ್ಲಿ ಜಗಳ. ಗಂಟೆಗೆ ಎಂಟು ಜನರಂತೆ ಕರೆದು ಉಳಿದ ಎರಡು ಜಾಗವನ್ನು ತುರ್ತಿನವರಿಗೂ ಹೆಚ್ಚು ಹೊತ್ತು ಬೇಕಾದವರಿಗೂ ಬಿಟ್ಟರೆ ಸಮಯ ಕೈಮೀರುವುದಿಲ್ಲ. ಡಾಕ್ಟರು ವಾರ್ಡ್ ರೌಂಡ್ಸ್ ಮುಗಿಸಿ ಬರುವಾಗ ಹನ್ನೊಂದಾಗುತ್ತದೆ ಎಂದು ದಿನವೂ ಗೊತ್ತಿದ್ದರೆ ಬೋರ್ಡಿನಲ್ಲೂ ಹನ್ನೊಂದೇ ಬರೆಯಲಿ.

ಪರೀಕ್ಷೆಗಳ ವಿಷಯದಲ್ಲಿ ಅರ್ಧ ತೊಂದರೆ ಮಾಹಿತಿ ಕೊಡದೆ ಆಗುವುದು. ಹೊಟ್ಟೆಯ ಅಲ್ಟ್ರಾಸೌಂಡ್‌ಗೆ ಆರರಿಂದ ಎಂಟು ಗಂಟೆ ಉಪವಾಸ ಬೇಕು. ಸಕ್ಕರೆ ಕಾಯಿಲೆ ಇರುವವರಿಗೆ ಅದನ್ನು ಮಧ್ಯಾಹ್ನ ಹನ್ನೆರಡಕ್ಕೆ ಇಟ್ಟರೆ ಸಕ್ಕರೆ ಇಳಿದು ಕ್ಯೂನಲ್ಲೇ ಕುಸಿಯುವ ಅಪಾಯ ಉಂಟು. ಅಂಥವರಿಗೆ ಬೆಳಗಿನ ಮೊದಲ ಸರದಿಯೇ ಆಗಬೇಕು. ಕಿಬ್ಬೊಟ್ಟೆಯ ಸ್ಕ್ಯಾನಿಗೆ ಮೂತ್ರಕೋಶ ತುಂಬಿರಬೇಕು, ಅದನ್ನು ಮೊದಲೇ ಹೇಳದಿದ್ದರೆ ಅಲ್ಲಿಗೆ ಬಂದ ಮೇಲೆ ನೀರು ಕುಡಿದು ಒಂದು ಗಂಟೆ ಕೂರಬೇಕು. ಉಪವಾಸದ ಸಕ್ಕರೆ, ಊಟದ ನಂತರದ ಸಕ್ಕರೆ ಎರಡೂ ಬೇಕಾದರೆ ಏಳಕ್ಕೆ ರಕ್ತ ಕೊಟ್ಟು, ಏಳೂಕಾಲಕ್ಕೆ ತಿಂಡಿ ಶುರುಮಾಡಿ, ಒಂಬತ್ತೂಕಾಲಕ್ಕೆ ಮತ್ತೆ ಕೊಟ್ಟರೆ ಹತ್ತಕ್ಕೆ ಕೆಲಸಕ್ಕೆ ಹಾಜರಾಗಬಹುದು. ಎರಡು ಗಂಟೆಯ ಲೆಕ್ಕ ತಿಂಡಿ ಶುರುಮಾಡಿದ ಹೊತ್ತಿನಿಂದ. ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ ಪರೀಕ್ಷೆಗೆ ಉಪವಾಸವೇ ಬೇಡ, ಸಂಜೆ ಕೆಲಸ ಬಿಟ್ಟು ಬರುವಾಗಲೂ ಕೊಡಬಹುದು. ಲ್ಯಾಬ್‌ನವರು ಸಂಜೆ ಏಳರವರೆಗೆ ಬಾಗಿಲು ತೆರೆದಿಟ್ಟರೆ ಎಷ್ಟೋ ಜನರ ರಜೆ ಉಳಿಯುತ್ತದೆ.

ದೂರದಿಂದ ಬರುವವರದ್ದು ಬೇರೆಯೇ ಕಷ್ಟ. ಮಣಿಪಾಲಕ್ಕೆ ಶಿವಮೊಗ್ಗ, ಚಿಕ್ಕಮಗಳೂರು, ಉತ್ತರ ಕನ್ನಡದಿಂದ ಜನ ಬರುತ್ತಾರೆ. ಮಂಗಳೂರಿನ ವೆನ್ಲಾಕ್ ಸರಕಾರಿ ಆಸ್ಪತ್ರೆಗೆ ಕಾಸರಗೋಡು, ಕೊಡಗಿನಿಂದಲೂ ಬರುತ್ತಾರೆ. ತೀರ್ಥಹಳ್ಳಿಯಿಂದ ಆಗುಂಬೆ ಘಾಟಿ ಇಳಿದು ಬರುವವರಿಗೆ ಮೂಳೆ ವಿಭಾಗ ಸೋಮವಾರ, ಕಣ್ಣಿನದ್ದು ಬುಧವಾರ ಎಂದರೆ ಒಬ್ಬ ರೋಗಿಯ ಜೊತೆಗೆ ಬರುವ ಮಗನ ಎರಡು ದಿನದ ಕೂಲಿಯೂ ಹೋಗುತ್ತದೆ. “ಎಲ್ಲಿಂದ ಬರ್ತೀರಿ? ಇನ್ನು ಯಾವ ವಿಭಾಗಕ್ಕೆ ತೋರಿಸ್ಲಿಕ್ಕುಂಟು?” ಎಂದು ಮರುಭೇಟಿಯ ಚೀಟಿ ಬರೆಯುವವರು ಕೇಳಿದರೆ ಎರಡನ್ನೂ ಒಂದೇ ದಿನಕ್ಕೆ ತರಬಹುದು.

ಶಿಬಿರಗಳನ್ನು ಏರ್ಪಡಿಸುವ ಸಂಘಗಳು ತಾವು ಕರೆಯುವ ಜನರ ದಿನಚರಿಯನ್ನು ಮೊದಲು ತಿಳಿದುಕೊಳ್ಳಲಿ. ಮಲ್ಪೆಯಲ್ಲಿ ಮೀನು ಮಾರುವ ಹೆಂಗಸರು ಬೆಳಕು ಹರಿಯುವ ಮೊದಲೇ ಮೀನು ಇಳಿಸುವ ದಕ್ಕೆಯಲ್ಲಿರುತ್ತಾರೆ, ಬುಟ್ಟಿ ಖಾಲಿಯಾಗುವ ಹೊತ್ತಿಗೆ ಮಧ್ಯಾಹ್ನ. ಅವರಿಗಾಗಿ ಬೆಳಿಗ್ಗೆ ಹತ್ತಕ್ಕೆ ಕಣ್ಣಿನ ಶಿಬಿರ ಇಟ್ಟರೆ ಯಾರೂ ಬರುವುದಿಲ್ಲ. ಮೂರು ಗಂಟೆಗೆ ಇಡಬೇಕು. ಯಾಂತ್ರಿಕ ದೋಣಿಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಮೀನುಗಾರಿಕೆ ನಿಷೇಧ. ದೋಣಿಯ ಕೆಲಸದವರಿಗೆ ಬಿಡುವು ಸಿಗುವುದು ಆಗಲೇ, ಕೈಯಲ್ಲಿ ಕಾಸಿಲ್ಲದಿರುವುದೂ ಆಗಲೇ. ಹಾಗಾಗಿ ಉಚಿತ ತಪಾಸಣೆಗೆ ಆ ತಿಂಗಳುಗಳು ಒಳ್ಳೆಯವು, ಹಣ ಕಟ್ಟಿಸಿಕೊಳ್ಳುವ ಯಾವುದಕ್ಕೂ ಅಲ್ಲ.

ಸರಕಾರಿ ಕಚೇರಿಯ ಮಟ್ಟಿಗೆ ನಾಗರಿಕರ ಕೈಯಲ್ಲಿ ಒಂದು ಅಸ್ತ್ರ ಉಂಟು. 2011ರ ಸಕಾಲ ಕಾಯ್ದೆಯ ಅಡಿಯ ಸೇವೆಗೆ ಅರ್ಜಿ ಕೊಟ್ಟಾಗ ಸಂಖ್ಯೆಯಿರುವ ಸ್ವೀಕೃತಿ ಚೀಟಿ ಸಿಗಬೇಕು, ಗಡುವು ಮೀರಿದರೆ ದಿನಕ್ಕೆ 20 ರೂಪಾಯಿ, ಗರಿಷ್ಠ 500 ರೂಪಾಯಿ ಪರಿಹಾರ ಕೇಳಬಹುದು. ಆ ಸಂಖ್ಯೆ ಇದ್ದರೆ ಆಯಿತೋ ಇಲ್ಲವೋ ಎಂದು ನೋಡಲು ರಜೆ ಹಾಕಿ ಹೋಗಬೇಕಿಲ್ಲ. “ನಾಳೆ ಬನ್ನಿ” ಎನ್ನುವ ಬದಲು ಯಾವ ಕಾಗದ ಕಡಿಮೆಯಿದೆ ಎಂದು ಒಂದೇ ಸಲ ಪೂರ್ತಿ ಬರೆದುಕೊಡುವುದು ಕೌಂಟರಿನವರ ಸೌಜನ್ಯ. ಗೇರುಬೀಜ ಕಾರ್ಖಾನೆಯ ಹೆಂಗಸರಿಗೆ ಸಿಪ್ಪೆಯ ಎಣ್ಣೆ ತಾಗಿ ಬೆರಳಿನ ಗೆರೆ ಸವೆದಿರುತ್ತದೆ. ಹೆಬ್ಬೆಟ್ಟು ಹೊಂದಲಿಲ್ಲ ಎಂದು ಅವರನ್ನು ಮೂರು ಸಲ ತಿರುಗಾಡಿಸುವ ಮೊದಲು ಬೇರೆ ಬೆರಳು, ಇಲ್ಲವೇ ಅವಕಾಶ ಇರುವಲ್ಲಿ ಓಟಿಪಿ ಪ್ರಯತ್ನಿಸಬೇಕು. ವೃದ್ಧ ತಂದೆಯ ಪಿಂಚಣಿಯ ಜೀವನ ಪ್ರಮಾಣಪತ್ರಕ್ಕೆ ನವೆಂಬರಿನಲ್ಲಿ ಬ್ಯಾಂಕಿಗೆ ಕರೆದುಕೊಂಡು ಹೋಗಬೇಕೆಂದೂ ಇಲ್ಲ, ಮುಖ ಗುರುತಿಸುವ ಆ್ಯಪ್‌ನಲ್ಲಿ ಭಾನುವಾರ ಮನೆಯಲ್ಲೇ ಮಾಡಬಹುದು.

ಮಳೆ ರಜೆ ಮತ್ತು ಬೆಳಗಿನ ಆರು ಗಂಟೆ

ಕರಾವಳಿಯಲ್ಲಿ ಪ್ರತಿ ಮಳೆಗಾಲ ಬರುವ ಪ್ರಶ್ನೆ ಇದು: ನಾಳೆ ಶಾಲೆಗೆ ರಜೆ ಉಂಟಾ? 24 ಗಂಟೆಯಲ್ಲಿ 204.4 ಮಿ.ಮೀ.ಗಿಂತ ಹೆಚ್ಚು ಮಳೆಯ ಸಾಧ್ಯತೆ ಇದ್ದರೆ ಹವಾಮಾನ ಇಲಾಖೆ ರೆಡ್ ಅಲರ್ಟ್ ಕೊಡುತ್ತದೆ, 115.6ರಿಂದ 204.4 ಮಿ.ಮೀ. ಆದರೆ ಆರೆಂಜ್. ಅದನ್ನು ನೋಡಿ ರಜೆ ತೀರ್ಮಾನಿಸುವುದು ಜಿಲ್ಲಾಡಳಿತ, ಕೆಲವೊಮ್ಮೆ ತಾಲೂಕು ಮಟ್ಟದಲ್ಲಿ. ಮಕ್ಕಳ ಜೀವದ ಪ್ರಶ್ನೆ ಬಂದಾಗ ರಜೆ ಕೊಡಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಹಳ್ಳ ದಾಟಿ, ಕಾಲುಸಂಕ ದಾಟಿ ಶಾಲೆಗೆ ಹೋಗುವ ಮಕ್ಕಳು ಬೈಂದೂರು, ಸುಳ್ಯ, ಬೆಳ್ತಂಗಡಿಯಲ್ಲಿ ಈಗಲೂ ಇದ್ದಾರೆ.

ರಜೆಯ ಸುದ್ದಿ ಮನೆಗೆ ತಲುಪುವ ಹೊತ್ತಿನ ಬಗ್ಗೆ ಮಾತ್ರ ಹೇಳಲಿಕ್ಕುಂಟು. ರಾತ್ರಿ ಎಂಟರ ಒಳಗೆ ತಿಳಿದರೆ ಅಜ್ಜಿಯ ಮನೆಗೆ ಬಿಡಬಹುದು, ಪಕ್ಕದ ಮನೆಯವರ ಹತ್ತಿರ ಮಾತಾಡಬಹುದು, ಗಂಡ ಹೆಂಡತಿಯಲ್ಲಿ ಯಾರು ರಜೆ ಹಾಕುವುದೆಂದು ತೀರ್ಮಾನಿಸಬಹುದು. ಬೆಳಿಗ್ಗೆ ಆರೂವರೆಗೆ ತಿಳಿದರೆ ಏಳರ ಶಿಫ್ಟಿಗೆ ಹೊರಟ ನರ್ಸ್ ಏನು ಮಾಡಬೇಕು? ರಾತ್ರಿ ಪಾಳಿಯವರು ಆಕೆ ಬರುವವರೆಗೆ ವಾರ್ಡ್ ಬಿಟ್ಟು ಹೋಗುವಂತಿಲ್ಲ. ಮುನ್ಸೂಚನೆ ಸಂಜೆಗೇ ಕೈಯಲ್ಲಿದ್ದ ದಿನ ರಾತ್ರಿಯೇ ತೀರ್ಮಾನ ಹೊರಬರಬೇಕು. ರಾತ್ರಿ ಪರಿಸ್ಥಿತಿ ಕೆಟ್ಟ ದಿನ ಮಾತ್ರ ಬೆಳಗಿನ ಘೋಷಣೆ. ಶಾಲೆಗಳೂ ಅಷ್ಟೇ, ವ್ಯಾನ್ ಹೊರಟ ಮೇಲೆ ಗ್ರೂಪಿಗೆ ಹಾಕಿದರೆ ಪ್ರಯೋಜನವಿಲ್ಲ. ನಕಲಿ ರಜೆ ಆದೇಶಗಳೂ ವಾಟ್ಸ್ಆ್ಯಪ್‌ನಲ್ಲಿ ಓಡಾಡುವುದರಿಂದ ಶಾಲೆಯ ಒಂದೇ ನಂಬರಿನಿಂದ, ಒಂದೇ ಕಡೆ ಸುದ್ದಿ ಬರುವ ಕ್ರಮ ಬೇಕು. ಇನ್ನು ಉದ್ಯೋಗದಾತರು: ಘೋಷಿತ ಮಳೆ ರಜೆಯಂದು ಸಣ್ಣ ಮಕ್ಕಳಿರುವವರು ಒಂದು ಗಂಟೆ ತಡವಾಗಿ ಬಂದರೆ ಅರ್ಧ ದಿನ ಕತ್ತರಿಸದಿರುವುದು ದೊಡ್ಡ ಉಪಕಾರ. ಕಳೆದ ದಿನಗಳನ್ನು ಶನಿವಾರ ಮಧ್ಯಾಹ್ನ ಸರಿದೂಗಿಸುವುದಾದರೆ ಆ ಶನಿವಾರಗಳ ಪಟ್ಟಿಯನ್ನೂ ಒಂದು ವಾರ ಮೊದಲೇ ಕೊಡಿ.

ಪೋಷಕರ ಸಭೆಯನ್ನು ವಾರದ ದಿನ ಬೆಳಿಗ್ಗೆ ಹನ್ನೊಂದಕ್ಕೆ ಇಟ್ಟು “ತಂದೆ ತಾಯಿ ಇಬ್ಬರೂ ಕಡ್ಡಾಯ” ಎನ್ನುವುದು ಸರಿಯಲ್ಲ. ವರ್ಷದ ಆರಂಭದಲ್ಲೇ ದಿನಾಂಕ ಕೊಟ್ಟು, ಸಂಜೆ ಐದರಿಂದ ಏಳರವರೆಗೆ ಹತ್ತು ಹತ್ತು ನಿಮಿಷದ ಸರದಿ ಮಾಡಿದರೆ ಒಬ್ಬ ಶಿಕ್ಷಕರು ಹನ್ನೆರಡು ಮನೆಯವರನ್ನು ನೋಡಬಹುದು. ಹಾಗೆ ನಿಂತ ಶಿಕ್ಷಕರಿಗೆ ಮರುದಿನ ಮೊದಲ ಪಿರಿಯಡ್ ಬಿಡುವು ಕೊಡುವುದನ್ನು ಮರೆಯಬಾರದು, ಅವರೂ ದುಡಿಯುವವರೇ.

ಮದುವೆಗಳ ಮಾತಿಗೆ ಬಂದರೆ, ನಮ್ಮಲ್ಲಿ ಅಭಿಜಿನ್ ಮುಹೂರ್ತ ಎಂದರೆ ನಡುಮಧ್ಯಾಹ್ನ. ಮುಹೂರ್ತ ಬದಲಿಸಿ ಎಂದು ಯಾರೂ ಕೇಳುವುದಿಲ್ಲ. ಆದರೆ ವಾರದ ದಿನವಾದರೆ “ಮುಹೂರ್ತಕ್ಕೆ ಆಗದಿದ್ದರೆ ಸಂಜೆ ಮನೆಗೆ ಬನ್ನಿ” ಎಂದು ಕರೆಯುವಾಗಲೇ ಒಂದು ಮಾತು ಸೇರಿಸಿದರೆ ರಜೆ ಸಿಗದವರ ಮನಸ್ಸಿನ ಭಾರ ಇಳಿಯುತ್ತದೆ. ಬಾರದವರ ಲೆಕ್ಕ ಇಟ್ಟು ಮುಂದಿನ ಸಮಾರಂಭದಲ್ಲಿ ತೀರಿಸುವ ಚಾಳಿ ಬಿಡಬೇಕು. ರಾತ್ರಿ ಪಾಳಿ ಮುಗಿಸಿ ಬಂದವರ ಮನೆಗೆ ಹಗಲು ಹನ್ನೊಂದಕ್ಕೆ ಮದುವೆ ಕಾಗದ ಕೊಡಲು ಹೋಗಿ ಬೆಲ್ ಒತ್ತುವುದೂ ಬೇಡ. ಅದು ಅವರ ನಡುರಾತ್ರಿ. ಫೋನ್ ಮಾಡಿದರೂ ಮೊದಲ ಮಾತು “ಈಗ ಮಾತಾಡ್ಲಿಕ್ಕೆ ಪುರುಸೊತ್ತು ಉಂಟಾ?” ಎಂದಿರಲಿ.

ಮನೆಗೆ ಕೆಲಸಕ್ಕೆ ಬರುವವರ ವಿಷಯದಲ್ಲಿ ನಾವೇ ಸಮಯ ಗೊತ್ತುಮಾಡುವವರು, ಹಾಗಾಗಿ ಮೇಲಿನ ಎಲ್ಲವೂ ನಮಗೂ ಅನ್ವಯಿಸುತ್ತದೆ. ತೆಂಗಿನಕಾಯಿ ಕೊಯ್ಯುವವರು ಬೆಳಿಗ್ಗೆ ಬೇಗ ಬರುವುದು ಬಿಸಿಲೇರುವ ಮೊದಲು ಮರ ಹತ್ತಲಿಕ್ಕೆ. ಮಳೆ ಬಿದ್ದು ಕಾಂಡ ಜಾರುವಾಗ ಬರುವುದಿಲ್ಲ ಎಂದರೆ ಅದು ಜೀವದ ಮಾತು, ಒತ್ತಾಯ ಮಾಡಬಾರದು. ಮಾಡಿನ ಹಂಚು ಸರಿಪಡಿಸುವವರನ್ನು ಮಳೆಗಾಲಕ್ಕೆ ಮುಂಚಿನ ತುಳುವರ ಪತ್ತನಾಜೆ ಕಳೆದ ಮೇಲೆ ಹುಡುಕಿದರೆ ಸಿಗುವುದಿಲ್ಲ, ಮೇ ಕೊನೆಯಲ್ಲಿ ಎಲ್ಲರಿಗೂ ಒಟ್ಟಿಗೆ ಬೇಕು. ಮಾರ್ಚಿನಲ್ಲೇ ದಿನ ಹೇಳಿಡಿ, ಹೇಳಿದ ದಿನ ಮನೆಯಲ್ಲಿರಿ. ಹೇಳಿದ ಹೊತ್ತಿಗೆ ಬಂದ ಪ್ಲಂಬರಿಗೆ ಬಾಗಿಲು ಹಾಕಿದ್ದರೆ, ಬಂದುಹೋದ ಪೆಟ್ರೋಲು ಮತ್ತು ಹೊತ್ತಿನ ಹಣವನ್ನು ಕೇಳದೆ ಕೊಡಬೇಕು. ಪಾತ್ರೆ ತೊಳೆಯಲು ಬರುವ ಅಕ್ಕನಿಗೆ “ನಾಳೆ ನಾವಿಲ್ಲ, ಬರುವುದು ಬೇಡ” ಎಂದು ಹಿಂದಿನ ದಿನ ಹೇಳಿದರೆ ಆಕೆ ಆ ಗಂಟೆಯಲ್ಲಿ ಇನ್ನೊಂದು ಮನೆಯ ಕೆಲಸ ಹಿಡಿಯಬಹುದು. ಎರಡು ಬಸ್ಸು ಹತ್ತಿ ಗೇಟಿನವರೆಗೆ ಬಂದ ಮೇಲೆ ಹೇಳಿದರೆ ಅಂದಿನ ಕೂಲಿ ಕೊಡಿ, ಬಸ್ಸಿನ ಹಣವನ್ನೂ ಸೇರಿಸಿ.